ಖಾಲಿಯವನು ಸರಿಯಬೇಕು

ರಸ್ತೆ ಬೇಕೆಂಬ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದವಳು ನಾನೇ. ಹೆರಿಗೆ ನೋವು ಬಂದ ನನ್ನನ್ನು ನಾಲ್ವರು ಹೊತ್ತು ಗುಡ್ಡ ಇಳಿಸುವಷ್ಟರಲ್ಲಿ ಚೊಚ್ಚಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಡಾಂಬರು ಬಿದ್ದ ದಿನ ಊರಲ್ಲಿ ನನ್ನಷ್ಟು ಖುಷಿಪಟ್ಟವರು ಇನ್ನೊಬ್ಬರಿಲ್ಲ. ಈ ವರ್ಷ ತಂಗಿಯ ಮಗಳು ಆಸ್ಪತ್ರೆಯಲ್ಲೇ ಹೆತ್ತಳು, ಅರ್ಧ ಗಂಟೆಯ ದಾರಿ. ರಸ್ತೆಯನ್ನು ಬೈಯುವ ಬಾಯಿ ನನಗಿಲ್ಲ.

ನನ್ನ ಗಂಡನದು ಕತ್ತೆಯ ಮೇಲೆ ಸಾಮಾನು ಹೇರಿ ಗುಡ್ಡ ಹತ್ತಿಸುವ ಕೆಲಸ. ಉಪ್ಪು, ಹಿಟ್ಟು, ಸೀಮೆಎಣ್ಣೆ, ಅರ್ಧ ಊರಿನ ಹಂಚು ಎಲ್ಲ ಬಂದದ್ದು ಹಾಗೆಯೇ. ಹಳೆಯ ಕಾಲುದಾರಿ ಎಷ್ಟು ಕಿರಿದೆಂದರೆ ಇಬ್ಬರು ಎದುರಾದರೆ ಒಬ್ಬರು ಸರಿಯಲೇಬೇಕು. ಹೊರೆ ಇದ್ದವನು ನಿಲ್ಲುತ್ತಾನೆ, ಖಾಲಿ ಇದ್ದವನು ಬಂಡೆಗೆ ಬೆನ್ನು ಹಚ್ಚಿ ಜಾಗ ಬಿಡುತ್ತಾನೆ. ಊರ ಯಜಮಾನನೇ ಬರಲಿ, ನನ್ನ ಗಂಡನ ಕತ್ತೆಗೆ ಅವನೂ ಸರಿಯಬೇಕು! ಆ ಗತ್ತಿಗೇ ಜನ ಇವನನ್ನು ಸಾಹುಕಾರ ಎಂದು ರೇಗಿಸುತ್ತಿದ್ದರು. ಎದುರು ಸದ್ದು ಕೇಳಿದರೆ ಅಲ್ಲಾಡದೆ ನಿಲ್ಲುವುದನ್ನು ಕತ್ತೆಗೂ ಕಲಿಸಿದ್ದ.

ರಸ್ತೆ ಬಂದ ಮೇಲೆ ಅಂಗಡಿಯವರು ಟೆಂಪೊ ತರಿಸಿಕೊಂಡರು. ಇವನು ಮೂಲೆ ಹಿಡಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಮೇಲಿನ ಕೇರಿಗೆ ಇನ್ನೂ ಕಾಲುದಾರಿಯೇ, ಟೆಂಪೊ ಹತ್ತುವುದಿಲ್ಲ, ಅಲ್ಲಿಗಾದರೂ ಆಲೂಗಡ್ಡೆ ಸಾಗಿಸು, ಕತ್ತೆಗೆ ದಂಡಕ್ಕೆ ಮೇವು ಹಾಕಬೇಡ ಎಂದು ದಿನಾ ಜೀವ ತಿಂದೆ. ಕೊನೆಗೊಂದು ಬೆಳಿಗ್ಗೆ ಮೂಟೆ ಹೇರಿಕೊಂಡು ಹೊರಟ.

ಆ ಕಾಲುದಾರಿ ಸೇರುವ ಮುಂಚೆಯೇ ಡಾಂಬರು ರಸ್ತೆಯ ತಿರುವಿನಲ್ಲಿ ಲಾರಿ ಎದುರಾಯಿತು. ರಸ್ತೆಯ ಕೊನೆಯಲ್ಲಿ ಜಲ್ಲಿ ಸುರಿದು ಬರಿದಾಗಿ ಇಳಿಯುತ್ತಿತ್ತು. ಹಾರ್ನ್ ಕೇಳಿದ್ದೇ ಕತ್ತೆ ಕಲಿತದ್ದನ್ನೇ ಮಾಡಿತು. ಇವನೂ ಪಕ್ಕದಲ್ಲಿ ನಿಂತ. ಸುದ್ದಿ ತಿಳಿದು ನಾನು ಎದ್ದೆನೋ ಬಿದ್ದೆನೋ ಎಂದು ಓಡಿದಾಗ ರಸ್ತೆ ತುಂಬ ಆಲೂಗಡ್ಡೆ ಉರುಳಿತ್ತು, ಕತ್ತೆ ಸತ್ತಿತ್ತು. ಇವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಡ್ರೈವರ್ ಕೆಟ್ಟವನಲ್ಲ. ಅಷ್ಟು ಹಾರ್ನ್ ಹೊಡೆದರೂ ಯಾಕೆ ಸರಿಯಲಿಲ್ಲ ಎಂದು ಮತ್ತೆ ಮತ್ತೆ ಕೇಳುತ್ತಿದ್ದ.

"ನಿನ್ ಗಾಡಿ ಖಾಲಿ ಇತ್ತಲ್ಲಪ್ಪ," ಎಂದ ನನ್ನ ಗಂಡ.

ಡ್ರೈವರನಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಅವತ್ತು ಇವನನ್ನು ಹೊರಡಿಸಿದವಳು ನಾನೇ ತಾನೆ.

ಈಗ ಯಾವ ವಾಹನ ಬಂದರೂ ಇವನು ಚರಂಡಿಗೆ ಇಳಿದು ನಿಲ್ಲುತ್ತಾನೆ. ಸೈಕಲ್ ಬಂದರೂ ಅಷ್ಟೇ. ನಿನ್ನೆ ಪಾಟಿಚೀಲ ಹೊತ್ತ ಪುಟ್ಟ ಹುಡುಗಿಯೊಬ್ಬಳು ಬಂದಳು, ಅವಳಿಗೂ ಇಳಿದ. ಇಷ್ಟಗಲ ರಸ್ತೆಯಿದೆ, ಮೇಲೆ ಬಾ ಎಂದು ನಾನು ಕೈಹಿಡಿದು ಎಳೆದೆ.

"ಬಿಡೇ," ಎಂದ. "ನಾನೀಗ ಖಾಲಿ."