ಲಿವರ್‌ಗೆ ಕಟ್ಟಿದ ಟ್ಯೂಬಿನ ತುಂಡು

ನಮ್ಮ ಮನೆಯ ಹಿಮ ತೂರುವ ಯಂತ್ರವನ್ನು ಓಡಿಸುವುದು ನನ್ನ ಗಂಡ ಉರ್ಹೊ, ರಿಪೇರಿ ಮಾಡುವುದು ನಾನು. ಇಪ್ಪತ್ತೆರಡು ವರ್ಷ ಜಿಲ್ಲೆಯ ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗಿ ಎದ್ದವಳು ನಾನು. ಅವನು ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವನು. ಕೈಗೆ ಸ್ಪ್ಯಾನರ್ ಕೊಟ್ಟರೆ ಯಾವ ತುದಿ ಹಿಡಿಯಬೇಕೆಂದು ಕೇಳುತ್ತಾನೆ.

ಅಕ್ಟೋಬರಿನ ಕೊನೆಯ ಶನಿವಾರ ಯಂತ್ರವನ್ನು ಶೆಡ್ಡಿನಿಂದ ಹೊರಗೆಳೆದೆ. ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿ ಕಿತ್ತು ಪಕ್ಕಕ್ಕೆ ಕಟ್ಟಿದೆ. ಅದಾಗದೆ ಅಲಗುಗಳ ಹತ್ತಿರ ಕೈ ಒಯ್ಯುವವಳಲ್ಲ ನಾನು. ಹಳೆಯ ಪೆಟ್ರೋಲ್ ಬಸಿದು ಆಯಿಲ್ ಬದಲಿಸಿದೆ. ಕಲ್ಲು ಸಿಕ್ಕಾಗ ತಾವು ಮುರಿದು ಗೇರು ಉಳಿಸುವ ಮೆತ್ತನೆಯ ಬೋಲ್ಟುಗಳನ್ನು ಹೊಸದಾಗಿ ಹಾಕಿದೆ. ಹಿಡಿಕೆ ಒರೆಸಲು ಹೋದಾಗ ಕಂಡಿತು: ಅಲಗು ತಿರುಗಿಸುವ ಲಿವರನ್ನು ಹಿಡಿಕೆಗೆ ಒತ್ತಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದಿದ್ದ ಉರ್ಹೊ.

ಕೈ ಬಿಟ್ಟರೆ ಅಲಗು ನಿಲ್ಲಬೇಕು. ಆ ಲಿವರ್ ಇರುವುದೇ ಅದಕ್ಕೆ. ಮೂರನೆಯ ಮನೆಯ ವೈನೊ ಹೀಗೇ ಕಟ್ಟಿಕೊಂಡು, ಹಿಮ ಹೊರಚಿಮ್ಮುವ ಕೊಳವೆಯಲ್ಲಿ ಸಿಕ್ಕಿಕೊಂಡ ಒದ್ದೆ ಹಿಮ ತೆಗೆಯಲು ಹೋಗಿ ಎರಡು ಬೆರಳು ಕಳೆದುಕೊಂಡ.

ಕೇಳಿದರೆ ಉರ್ಹೊ ಅಳುಕದೆ ಉತ್ತರ ಕೊಟ್ಟ. ನಮ್ಮ ರಸ್ತೆಯಲ್ಲಿ ಯಾರ ಗಾಡಿ ಹೋದರೂ ನಮಸ್ಕಾರದಂತೆ ಕೈ ಎತ್ತಬೇಕು. ಒಂದು ಕೈ ಚಕ್ರದ ಲಿವರ್‌ಗೆ, ಇನ್ನೊಂದು ಅಲಗಿನದಕ್ಕೆ. ಎತ್ತಲು ಮೂರನೆಯ ಕೈ ಎಲ್ಲಿಂದ ತರಲಿ ಎಂದ.

"ಈ ರಸ್ತೆಯ ಏಳು ಮನೆಯವ್ರೂ ನನ್ನ ಸೊಕ್ಕಿನವ್ನು ಅನ್ಕೊಳಲ್ವಾ?"

"ಅನ್ಕೊಳ್ಳಲಿ. ಬೆರಳು ಉಳಿದ್ರೆ ಬೇಸಿಗೇಲಿ ಎತ್ತುವಿಯಂತೆ."

ಟ್ಯೂಬ್ ಕತ್ತರಿಸಿ ಕಸಕ್ಕೆ ಹಾಕಿದೆ. ವಾರದೊಳಗೆ ಇನ್ನೊಂದು ಬಂತು. ಅದನ್ನೂ ಕತ್ತರಿಸಿದೆ. ಮೂರನೆಯದು ಕಂಡಾಗ ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಯಂತ್ರವನ್ನು ನಾನೇ ಓಡಿಸೋಣವೆಂದರೆ ನನ್ನ ಸೊಂಟ ಕೇಳುವುದಿಲ್ಲ.

ಅವನು ತನ್ನ ತಮ್ಮನ ಮನೆಗೆ ಹಬೆಯ ಸೌನಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಏಳೂ ಮನೆಗೆ ಹೋಗಿಬಂದೆ. ಉರ್ಹೊ ಯಂತ್ರದ ಹಿಂದಿರುವಾಗ ಕೈ ಎತ್ತಬೇಡಿ, ಅವನತ್ತ ನೋಡಲೂಬೇಡಿ, ಯಾಕೆಂದು ಅವನಿಗೆ ಹೇಳಬೇಡಿ ಎಂದು ಕೇಳಿಕೊಂಡೆ. ಎಲ್ಲರೂ ಕಾಫಿ ಕೊಟ್ಟರು, ಒದ್ದಾಡಿ ಕೊನೆಗೆ ಒಪ್ಪಿದರು. ವೈನೊ ಒಬ್ಬ ಕೂಡಲೇ ಒಪ್ಪಿದ.

ನವೆಂಬರಿನಲ್ಲಿ ಮೊಣಕಾಲುದ್ದ ಹಿಮ ಬಿತ್ತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತೆ. ಉರ್ಹೊ ಜೇಬಿನಿಂದ ನಾಲ್ಕನೆಯ ತುಂಡು ತೆಗೆದು ಲಿವರ್‌ಗೆ ಕಟ್ಟಿದ. ಮೊದಲ ಗಾಡಿ ಬಂತು, ಕೈ ಎತ್ತಿದ. ಗಾಡಿ ನೇರ ಹೋಯಿತು. ಎರಡನೆಯದಕ್ಕೆ ಇನ್ನೂ ಮೇಲೆತ್ತಿದ. ಮೂರನೆಯದು ವೈನೊನ ಪಿಕಪ್. ಅವನು ಮುಖ ಆಚೆ ತಿರುಗಿಸಿಕೊಂಡೇ ಹೋದ. ಉರ್ಹೊ ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ ತುಂಡು ಬಿಚ್ಚಿ ಎಸೆದು, ಎರಡೂ ಲಿವರ್ ಒತ್ತಿ ಹಿಡಿದು, ಬಗ್ಗಿಸಿದ ತಲೆ ಎತ್ತದೆ ಕೆಲಸ ಮುಗಿಸಿದ.

ಒಳಗೆ ಬಂದವನು ಕೋಟು ಬಿಚ್ಚದೆ ಮೇಜಿನ ಮುಂದೆ ಕೂತ. ಆ ಗಾಡಿಗಳಲ್ಲಿ ಹೋದವರಲ್ಲಿ ಇಬ್ಬರಿಗೆ ಅವನೇ ನಕಾಶೆ ಓದಲು ಕಲಿಸಿದ್ದ.

"ಲೆಂಪಿ, ನಾನು ಇವ್ರಿಗೆಲ್ಲ ಏನು ಮಾಡಿದೀನಿ?"

ಹೇಳಿಬಿಟ್ಟರೆ ನಾಳೆಯೇ ಐದನೆಯ ತುಂಡು ಬರುತ್ತದೆ. ನಮ್ಮಲ್ಲಿ ಏಪ್ರಿಲ್‌ವರೆಗೂ ಹಿಮ ಬೀಳುತ್ತದೆ.

"ನಂಗೇನು ಗೊತ್ತು," ಅಂದೆ.