ಆರೋಹಣವೆಂದರೆ ಆರಿಯಾ

ಥೂ! ಆ ಹಿತ್ತಾಳೆ ಫಲಕಗಳನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಐವತ್ತಾರರಲ್ಲಿ ಮುಂಬಯಿಯ ವಿಕ್ರೋಳಿಯಲ್ಲಿದ್ದ ನಮ್ಮ ಕಾರ್ಖಾನೆಗೆ ಹೊಸ ಕ್ರೇನ್ ಬಂತು. ನಾನು ಡ್ರಾಯಿಂಗ್ ಆಫೀಸಿನವನು. ಡ್ರೈವರ್ ಕೂರುವ ಡಬ್ಬಿಯೊಳಗೆ ಎರಡು ಹಿಡಿಗಳು, ಒಂದು ಎತ್ತಲು, ಇನ್ನೊಂದು ಇಳಿಸಲು, ನೋಡಲು ಅವಳಿಜವಳಿ. ಕ್ರೇನ್ ನಡೆಸುವವನ ಕಣ್ಣು ಕೊಕ್ಕೆಯ ಮೇಲಿರಬೇಕು, ಹಿಡಿಯನ್ನು ಕೈಯೇ ಗುರುತಿಸಬೇಕು. ಅದಕ್ಕೇ ಎತ್ತುವ ಹಿಡಿಗೆ ಗುಂಡು ತಲೆ, ಇಳಿಸುವುದಕ್ಕೆ ಚಪ್ಪಟೆ ತಲೆ, ಪಕ್ಕದಲ್ಲಿ ದಪ್ಪ ಬಾಣದ ಗುರುತು ಹಾಕಿ ನಕ್ಷೆ ಬರೆದು ಮ್ಯಾನೇಜರ್ ವೆಂಕಟಸುಬ್ಬಯ್ಯನವರ ಮುಂದಿಟ್ಟೆ.

“ಏನ್ರೀ ಕೇಶವಮೂರ್ತಿ, ಶಿಶುವಿಹಾರ ನಡೆಸ್ತಿದೀವೇನ್ರೀ ಇಲ್ಲಿ?” ಎಂದು ಅವರು ನಕ್ಷೆಯನ್ನು ನನ್ನತ್ತ ತಳ್ಳಿದರು. “ಉದ್ಘಾಟನೆಗೆ ದೊಡ್ಡೋರು ಬರ್ತಾರೆ. ಒಂದಕ್ಕೆ ಗುಂಡು ಮೂತಿ, ಒಂದಕ್ಕೆ ಚಪ್ಪಟೆ ಮೂತಿ, ಲಕ್ಷಣವಾಗಿರುತ್ತೇನ್ರೀ?”

ಎಲ್ಲೆಲ್ಲೂ ಹಿಂದಿ ಬೋರ್ಡು ಹಾಕುವ ಉಮೇದಿನ ಕಾಲ ಅದು; ಇವರಿಗೋ ಸಂಸ್ಕೃತದ ಹುಚ್ಚು ಬೇರೆ. ಎರಡು ಹಿಡಿಗೂ ಒಂದೇ ಥರದ ಹೊಳೆಯುವ ತಲೆ ಹಾಕಿಸಿದರು. ಕೆಳಗೆ ನಾಗರಿ ಲಿಪಿಯಲ್ಲಿ ಕೊರೆಸಿದ ಫಲಕ: ಎತ್ತುವುದಕ್ಕೆ ‘ಆರೋಹಣ’, ಇಳಿಸುವುದಕ್ಕೆ ‘ಅವರೋಹಣ’. ಕರ್ಮ! ಕ್ರೇನಿನಲ್ಲಿ ಕೂತು ಸಂಗೀತ ಕಚೇರಿ ಮಾಡುವುದಿತ್ತೇನೋ.

ಕ್ರೇನಿನವರ ಮಾತೇ ಬೇರೆ. ಕೆಳಗೆ ನಿಂತು ಭಾರ ಕಟ್ಟುವ ಮುಂಬಯಿಯ ಖಲಾಸಿಗಳು ಎತ್ತು ಎನ್ನಲು ‘ಹಾಬೇಸ್’ ಎಂದು ಕೂಗುತ್ತಾರೆ, ಇಳಿಸು ಎನ್ನಲು ‘ಆರಿಯಾ’. ನಮ್ಮ ಡ್ರೈವರ್ ಕೊರಗಪ್ಪ ಉಡುಪಿ ಕಡೆಯವನು, ಬಂದರಿನಲ್ಲಿ ಇದೇ ಕೂಗಿಗೆ ಕೈ ಪಳಗಿಸಿಕೊಂಡವನು. ಚಾಳಿನ ರಾತ್ರಿ ಶಾಲೆಯಲ್ಲಿ ಈಚೆಗಷ್ಟೇ ನಾಗರಿ ಅಕ್ಷರ ಕಲಿತಿದ್ದ. ಒಂದೊಂದೇ ಕೂಡಿಸಿ ಓದುತ್ತಿದ್ದ.

ಉದ್ಘಾಟನೆಯ ದಿನ ಹಾರ, ಪೇಡೆ, ಭಾಷಣ, ಬ್ಯಾಂಡು. ಕ್ರೇನ್ ಜೋಡಿಸಿದ ಫಿಟ್ಟರ್ ಒಂದು ಕಬ್ಬಿಣದ ತೊಲೆಯನ್ನು ಮೊದಲೇ ಎತ್ತಿ ತೂಗುಬಿಟ್ಟು ಹೋಗಿದ್ದ. ರಿಬ್ಬನ್ ಕತ್ತರಿಸಿದ್ದೇ ತಡ, ಕೊರಗಪ್ಪನನ್ನು ಹತ್ತಿಸಿದರು. ಈ ಡಬ್ಬಿಯನ್ನು ಅವನು ಹತ್ತಿದ್ದು ಅದೇ ಮೊದಲು.

“ಸಾರ್, ತೊಲೆ ಬಿಚ್ಚಿಸಿ, ಖಾಲಿ ಕೊಕ್ಕೆ ಒಂದ್ಸಲ ಆಡಿಸಿ ನೋಡ್ಲಿ,” ಎಂದೆ.

“ಓದ್ಕೊಂಡು ಮಾಡ್ತಾನೆ. ಬರೆಸಿರೋದು ಯಾಕೆ ಮತ್ತೆ?” ಎಂದರು ಮ್ಯಾನೇಜರರು ಪೇಡೆ ಚಪ್ಪರಿಸುತ್ತಾ.

ತೊಲೆ ಇಳಿಸಲೆಂದು ಕೆಳಗೆ ಮರದ ದಿಮ್ಮಿ ಜೋಡಿಸುತ್ತಿದ್ದವನು ಕೊರಗಪ್ಪನ ತಮ್ಮ ಐತ. ತೊಲೆ ತೀರ ತಗ್ಗಿನಲ್ಲಿತ್ತು. ಅವನು ದಿಮ್ಮಿ ಸರಿಸಲು ತೊಲೆಯಡಿ ಕಾಲಿಟ್ಟು “ಹಾಬೇಸ್!” ಎಂದು ಕೂಗಿದ. ಕೊರಗಪ್ಪ ಬಗ್ಗಿ ಫಲಕ ಓದಿದ. ‘ಆರೋ’ ಎಂಬಷ್ಟು ಕೂಡಿತು. ಓ, ಇದು ಆರಿಯಾ, ಇಳಿಸುವುದು. ಹಾಗಾದರೆ ಎತ್ತುವುದು ಇನ್ನೊಂದು, ಎಂದುಕೊಂಡನಂತೆ. ಇನ್ನೊಂದನ್ನು ಎಳೆದ.

ಐತನ ಚೀತ್ಕಾರಕ್ಕೆ ಬ್ಯಾಂಡು ನಿಂತುಹೋಯಿತು. ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಿಚಾರಣೆ ನಡೆದದ್ದು ಮ್ಯಾನೇಜರರ ಕೋಣೆಯಲ್ಲೇ. “ಓದಕ್ಕೆ ಬರದವನು ಹತ್ತಿ ಕೂತ. ಫಲಕದ್ದೇನು ತಪ್ಪು?” ಎಂದರು ಅವರು.

ನನಗೆ ಮೈಯೆಲ್ಲ ಉರಿಯಿತು. “ಓದಿದ ಸಾರ್! ಓದಿದ್ದಕ್ಕೇ ಹೀಗಾಗಿದ್ದು. ನಿಮ್ಮ ಆರೋಹಣ ಅವನಿಗೆ ಆರಿಯಾ ಆಯ್ತು.”

“ನೀವು ಬಾಯಿ ಮುಚ್ರೀ.” ಆಮೇಲೆ ಆ ಮಹಾನುಭಾವರ ದನಿ ಬೆಣ್ಣೆಯಾಯಿತು. “ನೋಡಪ್ಪಾ ಕೊರಗಪ್ಪ, ಓದಕ್ಕೆ ಬರಲ್ಲ ಅಂತ ಒಪ್ಕೊಂಡ್ಬಿಡು. ಕೆಳಗೆ ಖಲಾಸಿ ಕೆಲಸ ಕೊಡ್ತೀನಿ. ಇಲ್ದಿದ್ರೆ ಗೇಟು ಅಲ್ಲಿದೆ.”

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕೊರಗಪ್ಪ ನನ್ನ ತೋಳು ಹಿಡಿದ. “ಸುಮ್ಮನಿರಿ ಮಾರಾಯ್ರೇ. ಐತನಿಗೆ ಇನ್ನು ನಾನೇ ಅಲ್ವಾ ಅನ್ನ ಹಾಕ್ಬೇಕಾದ್ದು?” ಎಂದ. ಮ್ಯಾನೇಜರರ ಕಡೆ ತಿರುಗಿ ಕೈಮುಗಿದ. “ನಂಗೆ ಓದ್ಲಿಕ್ಕೆ ಬರುದಿಲ್ಲ ಸಾಯ್ಬ್ರೇ.”

“ಭೇಷ್!” ಎಂದು ಅವರು ಎಲ್ಲರಿಗೂ ಚಹಾ ತರಿಸಿದರು. ಹೇಸಿಗೆಯಾಯಿತು ನನಗೆ. ಆ ಮುಖ, ಆ ನಗು, ಆ ಕಪ್ಪು-ಬಸಿಗಳ ಸದ್ದು, ಎಲ್ಲವೂ ಹೇಸಿಗೆ. ಚಹಾ ಮುಟ್ಟದೆ ಎದ್ದುಬಂದೆ.

ಮರುದಿನ ಯಾರ್ಡಿಗೆ ಹೋದೆ. ಫಲಕಗಳು ಇದ್ದಲ್ಲೇ ಇದ್ದವು, ಪಾಲಿಶ್ ಬೇರೆ ಮಾಡಿಸಿದ್ದರು. ಐತ ನಿಂತಿದ್ದ ಜಾಗದಲ್ಲಿ, ತೂಗುವ ತೊಲೆಯ ಕೆಳಗೆ, ಕೊರಗಪ್ಪ ನಿಂತಿದ್ದ. ಮೇಲೆ ದೂಜ ಎಂಬ ಹೊಸ ಡ್ರೈವರ್ ಫಲಕಕ್ಕೆ ಮುಖ ತಂದು ಅಕ್ಷರ ಕೂಡಿಸುತ್ತಿದ್ದ.