ಗೆರೆಯಕ್ಕನ ಗೆರೆ ನಡುಗಿದಾಗ

ಗೆರೆಯಕ್ಕ ತಮ್ಮ ಮೇಜಿನ ಮೇಲೆ ರಬ್ಬರು ಇಟ್ಟುಕೊಂಡವರೇ ಅಲ್ಲ. ತಪ್ಪಿದ ಗೆರೆಯನ್ನು ಅಳಿಸಿಬಿಟ್ಟರೆ ಅದೇಕೆ ತಪ್ಪಿತೆಂಬುದೂ ಅದರೊಂದಿಗೇ ಅಳಿಸಿಹೋಗುತ್ತದೆ ಎಂಬುದು ಅವರ ನಂಬಿಕೆ. ಆದ್ದರಿಂದ ತಪ್ಪನ್ನು ಹಾಗೆಯೇ ಉಳಿಸಿ, ಪಕ್ಕದಲ್ಲೊಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹೊಸ ಹಾಳೆ ತೆಗೆದುಕೊಳ್ಳುತ್ತಿದ್ದರು. ಕಾಗದ ಹೋಗಿ ಟಚ್‌ಸ್ಕ್ರೀನ್ ಲ್ಯಾಪ್‌ಟಾಪೂ ಪರದೆಯ ಮೇಲೆ ಬರೆಯುವ ಸ್ಟೈಲಸ್ ಕಡ್ಡಿಯೂ ಬಂದಮೇಲೆ, ಒಂದು ಗುಂಡಿ ಒತ್ತಿದರೆ ಸಕಲ ಪಾಪವೂ ತೊಳೆದುಹೋಗುವ ಸೌಕರ್ಯ ಬೆರಳ ತುದಿಗೇ ಬಂದಾಗಲೂ ಅವರು ಆ ಗುಂಡಿಯ ಕಡೆ ತಿರುಗಿ ನೋಡಲಿಲ್ಲ.

ನಮ್ಮದು ದಾದಿಯರ ತರಬೇತಿಗೆ ಪಠ್ಯಪುಸ್ತಕಗಳನ್ನು ಅಚ್ಚುಹಾಕುವ ಸಂಸ್ಥೆ. ಪಠ್ಯ ತಿದ್ದುವುದು ನನ್ನ ಕೆಲಸ, ಚಿತ್ರ ಬರೆಯುವುದು ಅವರದು. ಎರಡನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಅವರದು, ಬಾಗಿಲ ಪಕ್ಕದ್ದು ನನ್ನದು. ಎಂದೋ ತೀರಿಕೊಂಡ ಅಣ್ಣನ ಬೂದುಬಣ್ಣದ ಕೋಟನ್ನು ಗೆರೆಯಕ್ಕ ತೋಳು ಎರಡು ಸುತ್ತು ಮಡಚಿ ತೊಡುತ್ತಿದ್ದರು. ಅದರ ಜೇಬುಗಳಲ್ಲಿ ಒಂದು ಭೂತಗನ್ನಡಿ, ಒಂದು ದಾರದ ಉಂಡೆ, ಅಂಚು ಸವೆದ ಪ್ಲಾಸ್ಟಿಕ್ ಅಳತೆಪಟ್ಟಿ. ನಡೆಯುವಾಗ ಎಡಗೈ ಜೇಬಿನಲ್ಲಿ, ಬಲಗೈ ಮಾತ್ರ ಹೊರಗೆ. ಒಣಗದ ಬಣ್ಣ ಯಾವುದಕ್ಕೂ ತಗಲಬಾರದೆಂಬಂತೆ ಅದನ್ನು ಮೈಯಿಂದ ಒಂದು ಗೇಣು ದೂರ ಹಿಡಿದು ನಡೆಯುವ ಅವರನ್ನು ಬೀದಿಯ ಆ ತುದಿಯಿಂದಲೇ ಗುರುತಿಸಬಹುದಿತ್ತು.

ಯಾರು ಏನೇ ಹೇಳಲಿ, ಅವರ ಉತ್ತರ ಒಂದೇ: "ಅದನ್ನೂ ನೋಡೋಣ." ಒಮ್ಮೆ ಹಿರಿಯ ವೈದ್ಯರೊಬ್ಬರು ಮೂತ್ರಪಿಂಡದ ಚಿತ್ರದಲ್ಲಿ ಮೂರು ತಪ್ಪುಗಳಿವೆಯೆಂದು ಕೆಂಪು ಶಾಯಿಯಲ್ಲಿ ಗುರುತಿಸಿ ಕಳಿಸಿದ್ದರು. ಗೆರೆಯಕ್ಕ ಸಿಟ್ಟಾಗಲಿಲ್ಲ, ತಲೆಬಾಗಲೂ ಇಲ್ಲ. ವೈದ್ಯಕೀಯ ಕಾಲೇಜಿನ ಸಂಗ್ರಹಾಲಯದಲ್ಲಿ ಗಾಜಿನ ಜಾಡಿಯ ಎದುರು ಅರ್ಧ ದಿನ ನಿಂತು ಬಂದು, "ಒಂದು ನನ್ನ ತಪ್ಪು, ಎರಡು ಅವರದು" ಎಂದು ಹೇಳಿ, ಆ ಒಂದನ್ನು ಮಾತ್ರ ತಿದ್ದಿದರು. ವೈದ್ಯರು ಸಹಿ ಹಾಕಿ ಕಳಿಸಿದರು.

ಇಂಥವರ ಬದುಕಿನಲ್ಲಿ ಗಂಡಾಂತರ ತಂದವನು ನಾನೇ. ಒಂದು ಮಧ್ಯಾಹ್ನ ಕರಡು ಪ್ರತಿಗಳ ಕಟ್ಟನ್ನು ಎದೆಗವಚಿಕೊಂಡು ಕಿಟಕಿಯ ಕಡೆಗೆ ಹೋಗುತ್ತಿದ್ದಾಗ ಚಾರ್ಜರಿನ ವೈರು ನನ್ನ ಕಾಲಿಗೆ ತೊಡರಿಕೊಂಡು, ಅವರ ಲ್ಯಾಪ್‌ಟಾಪು ಮೇಜಿನಿಂದ ನೆಲಕ್ಕೆ ಬಿತ್ತು. ಪರದೆಯ ಮೂಲೆಯಿಂದ ಮೂಲೆಗೆ ಬಿರುಕು ಹರಿಯಿತು. ಅವರೇ ಬಗ್ಗಿ ಎತ್ತಿಕೊಂಡು, "ಚಿತ್ರಗಳೆಲ್ಲ ಬೇರೆ ಕಡೆನೂ ಇವೆ ಬಿಡೋ. ನಿನ್ನ ಕಾಲಿಗೇನೂ ಆಗಿಲ್ಲ ತಾನೆ?" ಎಂದರು.

ರಿಪೇರಿಯವರು ಮೂರೇ ದಿನದಲ್ಲಿ ಹೊಸ ಪರದೆ ಹಾಕಿಕೊಟ್ಟರು. ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಿನಿಂದ ತಳ್ಳಿದರೆ ಪುಟಗಳು ಬೆಣ್ಣೆಯಂತೆ ಜಾರುತ್ತಿದ್ದವು. ಆದರೆ ಗೆರೆಯಕ್ಕ ಸ್ಟೈಲಸ್ ಹಿಡಿದು, ಒಳಗಿವಿಯ ಶಂಖಾಕೃತಿಯ ಸುರುಳಿಯನ್ನು ನಿಧಾನವಾಗಿ ಎಳೆಯತೊಡಗಿದಾಗ ಗೆರೆ ನಡುಗಿತು. ಎಲ್ಲೋ ಒಂದು ಕಡೆಯಲ್ಲ, ಉದ್ದಕ್ಕೂ. ಮೂವತ್ತು ವರ್ಷ ಕೂದಲೆಳೆಯಷ್ಟೂ ಕದಲದಿದ್ದ ಗೆರೆ, ನೀರಿನಲ್ಲಿ ಬಿದ್ದ ಕಡ್ಡಿಯ ನೆರಳಿನಂತೆ ಅಲೆಯಲೆಯಾಗಿ ಮೂಡಿತು.

ಮೊದಲ ದಿನ ಸ್ಟೈಲಸ್ಸಿನ ಮೊನೆ ಬದಲಾಯಿಸಿದರು. ಮರುದಿನ ಸೆಟ್ಟಿಂಗುಗಳನ್ನೆಲ್ಲ ಹೊಸದಾಗಿ ಹೊಂದಿಸಿದರು. ಮೂರನೆಯ ದಿನ ರಿಪೇರಿ ಅಂಗಡಿಗೆ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯವರು ಒಳ್ಳೆಯ ಮನುಷ್ಯರು, ಮೆದುಮಾತಿನವರು. ಬೆರಳಾಡಿಸಿ ನೋಡಿದರು, ಸ್ಟೈಲಸ್ಸಿನಿಂದ ತಮ್ಮ ಹೆಸರನ್ನು ಸರಸರನೆ ಗೀಚಿ ನೋಡಿದರು. ಅವಸರದ ಸಹಿಯಲ್ಲಿ ಅಲೆ ಕಾಣುವುದೆಲ್ಲಿಂದ?

"ಎಲ್ಲ ಸರಿಯಾಗೇ ಓಡ್ತಿದೆಯಲ್ಲ ಮೇಡಂ," ಎಂದರು. ಆಮೇಲೆ ಕಣ್ಣು ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ, ವಯಸ್ಸಾದ್ಮೇಲೆ ಕೈ ಒಂಚೂರು..." ಎಂದವರು ಉಳಿದದ್ದನ್ನು ನುಂಗಿಕೊಂಡರು.

ಗೆರೆಯಕ್ಕ "ಅದನ್ನೂ ನೋಡೋಣ" ಎನ್ನಲಿಲ್ಲ. ಬೀದಿಗಿಳಿದಾಗ ಅವರ ಬಲಗೈ ಕೋಟಿನ ಜೇಬಿನೊಳಗಿತ್ತು.

ದಾರಿಯಲ್ಲಿ ತಾಯಿಯ ವಿಷಯ ಹೇಳಿದರು. ತಾಯಿಗೆ ಐವತ್ತೆಂಟಕ್ಕೇ ಕೈನಡುಕ ಹಿಡಿದಿತ್ತಂತೆ. ಮೊದಲು ಹಾಳಾದದ್ದು ಅಕ್ಷರ, ಆಮೇಲೆ ಗುಂಡಿ ಹಾಕಿಕೊಳ್ಳುವುದು, ಕೊನೆಗೆ ಲೋಟ ಎತ್ತುವುದು. "ನನಗೀಗ ಐವತ್ತೇಳು," ಎಂದು ಹೇಳಿ, ಬಸ್ಸು ಬರುವ ದಾರಿಯತ್ತ ತಿರುಗಿದರು.

ಪುಸ್ತಕ ಅಚ್ಚಿಗೆ ಹೋಗಲು ತಿಂಗಳೂ ಇರಲಿಲ್ಲ. ಸಂಸ್ಥೆಯ ಮುಖ್ಯಸ್ಥರು ಒಂದು ಬೆಳಿಗ್ಗೆ ಬಂದು, ಬಹಳ ಮರ್ಯಾದೆಯಿಂದಲೇ, ಕಿವಿಯ ಅಧ್ಯಾಯದ ಚಿತ್ರಗಳನ್ನು ಬೇರೆ ಯಾರಿಂದಲಾದರೂ ಬರೆಸೋಣವೇ ಎಂದು ಕೇಳಿ, ಸೋಮವಾರದವರೆಗೆ ಯೋಚಿಸಲು ಹೇಳಿಹೋದರು. ನನಗೆ ಆಶ್ಚರ್ಯವಾದದ್ದು ಇದು: ಒಂದು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಅದೇ ಸುರುಳಿಯನ್ನು ಎಳೆದಿದ್ದರೆ ಕೈ ನಡುಗುತ್ತಿದೆಯೋ ಯಂತ್ರ ನಡುಗುತ್ತಿದೆಯೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಹಾಳೆ ಮೇಜಿನ ಮೇಲೆಯೇ ಇತ್ತು. ಪೆನ್ಸಿಲನ್ನು ದಿನವೂ ಚೂಪು ಮಾಡಿಡುತ್ತಿದ್ದರು. ಎಲ್ಲವನ್ನೂ ಪರೀಕ್ಷಿಸದೆ ಬಿಡದ ಅವರು ಆ ಒಂದು ಪರೀಕ್ಷೆಯನ್ನು ಮಾತ್ರ ನಾಲ್ಕು ದಿನ ಮುಂದೂಡಿದರು. ಕಾಣದಿರುವಷ್ಟು ಕಾಲ ಅದು ನಿಜವಲ್ಲ ಎಂಬ ಆಸೆ ಇಂಥವರನ್ನೂ ಬಿಡುವುದಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ತಪ್ಪಿನ ಮೂಲ ನಾನಾದ್ದರಿಂದ ಕೇಳುವ ಧೈರ್ಯವೂ ನನಗಿರಲಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ಅವರೇ ಕರೆದರು.

"ಒಂದ್ನಿಮಿಷ ಇಲ್ಲಿ ಕೂತ್ಕೊ. ಒಬ್ಬಳೇ ನೋಡೋಕೆ ಧೈರ್ಯ ಸಾಲ್ತಿಲ್ಲ."

ಕೂತೆ. ಅವರು ಕಾಗದದ ಮೇಲೆ ಸುರುಳಿಯನ್ನು ನಿಧಾನವಾಗಿ, ಅತಿ ನಿಧಾನವಾಗಿ ಎಳೆದರು. ಎರಡೂವರೆ ಸುತ್ತು. ನನ್ನ ಕಣ್ಣಿಗೆ ಅದು ನಿಷ್ಕಳಂಕವಾಗಿತ್ತು. ನನ್ನ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಅವರು ಮಾತ್ರ ಭೂತಗನ್ನಡಿ ತೆಗೆದು ಗೆರೆಯ ಉದ್ದಕ್ಕೂ ಇರುವೆ ನಡೆದಂತೆ ನೋಡುತ್ತ ಹೋಗಿ, ಒಳಸುತ್ತಿನಲ್ಲಿ ಸಣ್ಣದೊಂದು ಅದುರು ಕಂಡ ಕಡೆ ನಿಂತರು.

"ಇಲ್ಲಿ ನೋಡು. ಇಷ್ಟು ನನ್ನದು. ಉಳಿದದ್ದು ಯಂತ್ರದ್ದು."

ಅಷ್ಟು ಹೇಳಿದ ಮೇಲೆ ಅವರಿಗೆ ಮೈಯೆಲ್ಲ ಜೀವ ಬಂದಂತಾಯಿತು. ಅಳತೆಪಟ್ಟಿಯನ್ನು ಪರದೆಯ ಮೇಲೆ ಓರೆಯಾಗಿಟ್ಟು, ಅದರ ಅಂಚಿಗೇ ಒತ್ತಿ ಸ್ಟೈಲಸ್ ಎಳೆದರು. ಪಟ್ಟಿಗೆ ಒರಗಿದ ಮೊನೆ ಅತ್ತಿತ್ತ ಹೋಗಲು ಸಾಧ್ಯವೇ ಇಲ್ಲ. ಆದರೂ ಗೆರೆ ಅಲೆಅಲೆಯಾಗಿ ಬಂತು. ನನ್ನ ಕೈಗೆ ಕೊಟ್ಟು ಎಳೆಸಿದರು. ನನ್ನದೂ ಅಲೆ, ಅದೇ ಅಳತೆಯ ಅಲೆ.

"ಇಬ್ಬರ ಕೈ ಒಂದೇ ತರ ನಡುಗೋದುಂಟೇನೋ?" ಎಂದರು. ಎಷ್ಟೋ ದಿನಗಳ ಮೇಲೆ ಅವರು ನಕ್ಕದ್ದನ್ನು ಕಂಡೆ.

ಅಂದೇ ಸಂಜೆ ಎಲ್ಲವನ್ನೂ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದೆವು. ಗೆರೆಯಕ್ಕ ಜೋರು ಮಾಡಲಿಲ್ಲ. ಸುರುಳಿ ಬರೆದ ಹಾಳೆಯನ್ನೂ ಲ್ಯಾಪ್‌ಟಾಪನ್ನೂ ಅಂಗಡಿಯವರ ಮುಂದಿಟ್ಟು, "ಪರದೆ ಮೇಲೆ ಈ ಕಡೆ ತುದಿಯಿಂದ ಪಟ್ಟಿ ಹಿಡಿದು ನಿಧಾನವಾಗಿ ಎಳೀರಿ. ಸಹಿ ಬೇಡ, ಗೆರೆ ಎಳೀರಿ," ಎಂದರು. ಅಂಗಡಿಯವರು ಎಳೆದರು, ನೋಡಿದರು, ಮತ್ತೊಮ್ಮೆ ಎಳೆದರು. ಆಮೇಲೆ ದೀಪವನ್ನು ಹತ್ತಿರಕ್ಕೆಳೆದುಕೊಂಡು ಲ್ಯಾಪ್‌ಟಾಪನ್ನು ಬಿಚ್ಚಿದರು. ಬಹಳ ಹೊತ್ತು ಒಳಗೆ ಇಣುಕಿದ ಮೇಲೆ ಎದ್ದುಹೋಗಿ, ಬಿಸಾಡದೆ ಇಟ್ಟಿದ್ದ ಹಳೆಯ ಒಡೆದ ಪರದೆಯನ್ನು ಮೂಲೆಯ ಪೆಟ್ಟಿಗೆಯಿಂದ ತಂದು ಬೋರಲು ಹಾಕಿದರು. ಅದರ ಬೆನ್ನಿಗೆ ಬೆರಳುದ್ದದ ತಾಮ್ರದ ತೆಳು ಪಟ್ಟಿಯೊಂದು ಅಂಟಿಕೊಂಡಿತ್ತು. ಪರದೆಯ ಬೆನ್ನನ್ನೂ ಲೋಹದ ಚೌಕಟ್ಟನ್ನೂ ಜೋಡಿಸಿ, ಒಳಗಿನ ವಿದ್ಯುತ್ತಿನ ಗದ್ದಲ ಸ್ಟೈಲಸ್ಸಿಗೆ ತಾಗದಂತೆ ತಡೆಯುವ ಪಟ್ಟಿ ಅದು. ಹಳೆಯದರಿಂದ ಬಿಡಿಸಿ ಹೊಸದಕ್ಕೆ ಹಾಕಬೇಕಿತ್ತು, ಮರೆತಿದ್ದರು. ದಪ್ಪನೆಯ ಬೆರಳಿಗೆ ಆ ಗದ್ದಲ ಲೆಕ್ಕಕ್ಕಿಲ್ಲ, ಸೂಜಿಮೊನೆಯ ಸ್ಟೈಲಸ್ಸಿಗೆ ಅದೇ ಭೂಕಂಪ.

ಆ ಪಟ್ಟಿಯನ್ನು ಬಿಡಿಸಿ ಹೊಸ ಪರದೆಗೆ ಹಾಕಿ, ಮುಚ್ಚಿ, ಸ್ಟೈಲಸ್ಸನ್ನು ಗೆರೆಯಕ್ಕನ ಕೈಗೆ ಕೊಟ್ಟು ಅಂಗಡಿಯವರು ಎದ್ದು ನಿಂತೇ ಇದ್ದರು. ಗೆರೆ ಶಾಂತವಾಗಿ ಹರಿಯಿತು.

"ತಪ್ಪು ನನ್ನದೇ ಮೇಡಂ," ಎಂದರು. "ನೋಡದೆ ನಿಮ್ಮ ಕೈಮೇಲೆ ಹಾಕ್ಬಿಟ್ಟೆ."

"ಪೂರ್ತಿ ನಿಮ್ಮದೇನಲ್ಲ. ನನ್ನ ಕೈಯದೂ ಒಂದಿಷ್ಟಿದೆ. ಅದನ್ನ ತೋರಿಸೋ ಜಾಗ ಬೇರೆ," ಎಂದು ಗೆರೆಯಕ್ಕ ಆ ಹಳೆಯ ಪರದೆಯ ಬೆನ್ನನ್ನು ಕುತೂಹಲದಿಂದ ಸವರಿ ನೋಡಿದರು.

ಮರುವಾರ ವೈದ್ಯರ ಬಳಿಗೂ ಹೋಗಿಬಂದರು, ಸುರುಳಿ ಬರೆದ ಹಾಳೆಯನ್ನು ಮಡಚದೆ ಕಡತದಲ್ಲಿಟ್ಟುಕೊಂಡು. ಇದು ತಾಯಿಯ ಕಾಯಿಲೆಯಲ್ಲ, ವಯಸ್ಸಿನೊಂದಿಗೆ ಹಲವರಿಗೆ ಬರುವ ಸಣ್ಣ ಕಂಪನ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಎಂದರಂತೆ ವೈದ್ಯರು. ಅಷ್ಟಕ್ಕೇ ಹಿಗ್ಗಲಿಲ್ಲ ಗೆರೆಯಕ್ಕ. ಮಣಿಕಟ್ಟಿನಿಂದ ಎಳೆಯುತ್ತಿದ್ದ ಗೆರೆಯನ್ನು ಮೊಣಕೈಯಿಂದ ಎಳೆಯುವ ಅಭ್ಯಾಸಕ್ಕೆ ತೊಡಗಿದರು. ಮೊದಮೊದಲು ಗೆರೆ ಒರಟಾಯಿತು, ಹತ್ತಾರು ಪುಟಗಳು ಪ್ರಶ್ನಾರ್ಥಕ ಚಿಹ್ನೆಗಳಿಂದ ತುಂಬಿದವು, ಮುಖ್ಯಸ್ಥರಿಂದ ಇನ್ನೊಂದು ವಾರದ ಗಡುವು ಕೇಳಬೇಕಾಯಿತು. ಕಿವಿಯ ಅಧ್ಯಾಯ ಕೊನೆಗೂ ಅವರ ಕೈಯಿಂದಲೇ ಮುಗಿಯಿತು. ನನಗೇನೋ ಆ ಹೊಸ ಗೆರೆಯೇ ಹೆಚ್ಚು ಹಿಡಿಸುತ್ತದೆ. ಹಿಂದಿನದರಲ್ಲಿ ನೈಪುಣ್ಯವಿತ್ತು, ಇದರಲ್ಲಿ ಉಸಿರಿದೆ.

ಏನಾದರೂ ಕೆಟ್ಟಾಗ ನಮ್ಮಲ್ಲಿ ಬಹುಮಂದಿ ಎರಡೇ ದಾರಿ ಬಲ್ಲೆವು: ಎಲ್ಲವನ್ನೂ ಇನ್ನೊಬ್ಬರ ತಲೆಗೆ ಕಟ್ಟುವುದು, ಇಲ್ಲವೇ ಎಲ್ಲವನ್ನೂ ನಮ್ಮ ಹಣೆಬರಹವೆಂದು ಹೊತ್ತು ಕುಸಿಯುವುದು. ಎರಡರಲ್ಲೂ ನೋಡುವ ಶ್ರಮವಿಲ್ಲ. ಹೆದರಿಕೆಯಿಂದ ನಾಲ್ಕು ದಿನ ತಡವಾದರೂ ಸರಿಯೇ, ಐದನೆಯ ದಿನ ಕೂತು, ಇಷ್ಟು ನನ್ನದು, ಇಷ್ಟು ನನ್ನದಲ್ಲ ಎಂದು ನ್ಯಾಯವಾಗಿ ಪಾಲು ಮಾಡಬಲ್ಲವರು ಅಪರೂಪ. ಅವರು ಗಟ್ಟಿ ಎದೆಯವರೇ ಆಗಿರಬೇಕಿಲ್ಲ, ಮಹಾಜ್ಞಾನಿಗಳೂ ಆಗಿರಬೇಕಿಲ್ಲ. ಆದರೆ ಅವರ ಪಕ್ಕದಲ್ಲಿ ಕುಳಿತು ಕೆಲಸ ಮಾಡಿದವರಿಗೆ ಒಂದು ಭಾಗ್ಯ ದೊರೆಯುತ್ತದೆ: ತಮ್ಮ ತಪ್ಪು ಎಷ್ಟಿದೆಯೋ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಅಷ್ಟು ತಪ್ಪನ್ನು ಯಾವ ಮನುಷ್ಯನಾದರೂ ತಿದ್ದಿಕೊಳ್ಳಬಲ್ಲ.